ಬೆಂಟೊನೈಟ್ ಜೇಡಿಯೂ ಕಲಾದಗಿ ಸೀಮೆಯ ಎರೆನೆಲವೂ

ಬೆಂಟೊನೈಟ್ ಎಂಬುದು ಒಂದು ಬಗೆಯ ಜೇಡಿಮಣ್ಣು. ಒಣಗಿದಾಗ ಮೇಣದಂತೆ ನುಣುಪಾಗಿಯೂ ನೀರುಂಡಾಗ ಲೋಳೆಯಂತೆ ಜಾರುವುದಾಗಿಯೂ ಇರುವ ಈ ಜೇಡಿಯ ಉತ್ತಮ ಜಾತಿಯು ನೀರಿನಲ್ಲಿ ತನ್ನ ಮೊದಲಿನ ಗಾತ್ರದ ಹತ್ತು ಹದಿನೈದು ಮಡಿ ಉಬ್ಬಬಲ್ಲುದು. ಈ ಒಂದು ಗುಣಕ್ಕಾಗಿಯೇ ಅದನ್ನು ಗಣಿಯಿಂದ ತೆಗೆದು, ಪುಡಿಮಾಡಿ, ಚೀಲಗಳಲ್ಲಿ ತುಂಬಿ ದೇಶದೇಶಾಂತರಗಳಿಗೆ ಕಳುಹಿಸುತ್ತಾರೆ. ಕಲಾದಗಿ ಸೀಮೆಯಲ್ಲಿ ಹೆಸರಿಸತಕ್ಕ ಬೆಂಟೊನೈಟ್ ಗಣಿಯಿಲ್ಲ. ಬಾಗಲಕೋಟೆಯ ಸುಣ್ಣಕಲ್ಲು, ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಇವು ಪ್ರಸಿದ್ಧವಾಗಿರುವಂತೆ ಇಲ್ಲಿನ ಜೇಡಿ ಪ್ರಸಿದ್ಧವಾಗಿಲ್ಲ. ಆದಾಗ್ಯೂ ಬೆಂಟೊನೈಟಿಗೆ ಉಬ್ಬುವ ಶಕ್ತಿಯನ್ನು ಕೊಡುವ ಖನಿಜವರ್ಗ ಯಾವುದೋ ಅದೇ ಖನಿಜವರ್ಗವು ಈ ಸೀಮೆಯ ಎರೆಹೊಲಗಳಲ್ಲಿ ಎಕರೆಗಟ್ಟಲೆ ಹರಡಿಕೊಂಡಿದೆ. ಕಾರ್ಖಾನೆಯವನು ಹಣ ಕೊಟ್ಟು ಕೊಳ್ಳುವ ಗುಣ, ಇಂಜಿನಿಯರನು ಶಪಿಸುವ ಗುಣ, ಒಕ್ಕಲಿಗನು ನೂರಾರು ವರ್ಷಗಳಿಂದ ನಂಬಿ ಬದುಕಿದ ಗುಣ, ಈ ಮೂರೂ ಒಂದೇ ಎಂಬುದನ್ನೂ, ಆ ಗುಣವು ಕೈತಪ್ಪಿ ವಿಕಾರಗೊಳ್ಳುವ ಬಗೆಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನೊಬ್ಬನು ಖನಿಜದ ಮಾತಿಗೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಸೀಮೆಯ ಭೂಕಂದಾಯದ ಕಾಗದಗಳನ್ನು ಓದತೊಡಗಿದವನಿಗೆ ಮಣ್ಣಿನ ವಿಷಯವನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ. ಕಲಾದಗಿಯು ಘಟಪ್ರಭೆಯ ಬಲದಂಡೆಯ ಮೇಲಿನ ಒಂದು ಸಣ್ಣ ಊರು. 1864ರಿಂದ 1885ರ ವರೆಗೆ ಅದು ಒಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದಿತು. ಅನಂತರ ಕಚೇರಿಗಳು ವಿಜಾಪುರಕ್ಕೆ ಹೋದುವು. ಜಿಲ್ಲೆಯ ಹೆಸರೂ ಬದಲಾಯಿತು. 1997ರಲ್ಲಿ ಬಾಗಲಕೋಟೆಯು ಬೇರೆ ಜಿಲ್ಲೆಯಾಯಿತು. ಆಡಳಿತದ ನಕ್ಷೆಯಿಂದ ಅಳಿಸಿಹೋದ ಕಲಾದಗಿಯ ಹೆಸರು ಭೂವಿಜ್ಞಾನದ ನಕ್ಷೆಯಲ್ಲಿ ಮಾತ್ರ ಸ್ಥಿರವಾಗಿ ನಿಂತಿದೆ. ಇಲ್ಲಿನ ಮರಳುಗಲ್ಲು, ಬೆಣಚುಕಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳ ಪುರಾತನ ಸ್ತರಗಳಿಗೆ ರಾಬರ್ಟ್ ಬ್ರೂಸ್ ಫೂಟನು ಕಲಾದಗಿಯ ಹೆಸರನ್ನಿಟ್ಟು 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತ ತನ್ನ ಗ್ರಂಥದಲ್ಲಿ ವರ್ಣಿಸಿದನು. ಈ ಲೇಖನದಲ್ಲಿ ಕಲಾದಗಿ ಸೀಮೆಯೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತಿನ ನೆಲವೆಂದು ಓದುಗರು ತಿಳಿಯಬೇಕು.

ಬೆಂಟೊನೈಟ್ ಎಂಬ ಹೆಸರು ಅಮೆರಿಕದ್ದು. ವಯೋಮಿಂಗ್ ಪ್ರಾಂತದಲ್ಲಿ ದೊರೆತ ಈ ಜೇಡಿಗೆ ಡಬ್ಲ್ಯು. ಸಿ. ನೈಟ್ ಎಂಬ ವಿದ್ವಾಂಸನು 1897ರಲ್ಲಿ ಟೇಲರೈಟ್ ಎಂದು ಹೆಸರಿಟ್ಟನು. ಆ ಹೆಸರು ಬೇರೊಂದು ಖನಿಜಕ್ಕೆ ಆಗಲೇ ಸಂದಿದ್ದುದರಿಂದ ಮರುವರ್ಷ, ಜೇಡಿಯು ದೊರೆತ ಬೆಂಟನ್ ಶಿಲಾಸ್ತರದ ಹೆಸರನ್ನೇ ಅದಕ್ಕೆ ಕೊಟ್ಟನು. ಅಗ್ನಿಪರ್ವತಗಳು ಉಗುಳಿದ ಬೂದಿಯು ನೀರಿನಲ್ಲಿ ನೆನೆದು ಬಹುಕಾಲದ ಮೇಲೆ ರೂಪಾಂತರ ಹೊಂದಿ ಇಂಥ ಜೇಡಿಯಾಗುತ್ತದೆಂಬುದು 1920ರ ದಶಕದ ಹೊತ್ತಿಗೆ ಖಚಿತವಾಯಿತು. ಜೇಡಿಯಲ್ಲಿರುವ ಮುಖ್ಯ ಖನಿಜದ ಹೆಸರು ಮಾಂಟ್‌ಮೊರಿಲ್ಲೊನೈಟ್. ಇದು ಫ್ರಾನ್ಸಿನ ಮಾಂಟ್‌ಮೊರಿಲ್ಲೋನ್ ಎಂಬ ಊರಿನಿಂದ 1847ರಲ್ಲಿಯೇ ಬಂದ ಹೆಸರು. ಇದೂ ಇದರ ಹತ್ತಿರದ ಬಂಧುಗಳೂ ಕೂಡಿದ ವರ್ಗವನ್ನು ಸ್ಮೆಕ್ಟೈಟ್ ವರ್ಗವೆಂದು ಕರೆಯುತ್ತಾರೆ.

ಈ ಖನಿಜದ ಒಳರಚನೆಯು 1933ರಲ್ಲಿ ಜರ್ಮನಿಯ ವಿಜ್ಞಾನಿಗಳಿಂದ ಬೆಳಕಿಗೆ ಬಂದಿತು. ಅದು ಪದರು ಪದರಾಗಿದೆ. ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ ಸಿಕ್ಕಿಕೊಂಡಿರುವುದೇ ಒಂದು ಪದರು. ಎರಡು ರೊಟ್ಟಿಯ ನಡುವೆ ಪಲ್ಯವಿಟ್ಟಂತೆ ಎಂದು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ. ಪದರಿನ ದಪ್ಪ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು. ನಡುವಿನ ಹಾಳೆಯಲ್ಲಿ ಅಲ್ಲಲ್ಲಿ ಅಲ್ಯೂಮಿನಿಯಂ ಇರಬೇಕಾದ ಎಡೆಯಲ್ಲಿ ಮೆಗ್ನೀಸಿಯಂ ಬಂದು ಕುಳಿತಿರುತ್ತದೆ. ಅದರ ವಿದ್ಯುದಂಶ ಕಡಿಮೆಯಾದ ಕಾರಣ ಇಡಿಯ ಪದರಿಗೆ ಒಂದಿಷ್ಟು ಋಣ ವಿದ್ಯುತ್ತು ಉಳಿಯುತ್ತದೆ. ಈ ಕೊರತೆಯನ್ನು ತುಂಬಲು ಪದರುಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಧನ ಅಯಾನುಗಳು ಬಂದು ನಿಲ್ಲುತ್ತವೆ. ಅವು ಅಲ್ಲಿ ಶಾಶ್ವತವಾಗಿ ಬೆಸೆದುಕೊಂಡವುಗಳಲ್ಲ; ಬಾಡಿಗೆಯ ಮನೆಯಲ್ಲಿದ್ದಂತೆ ಇರುತ್ತವೆ. ಬೇರೆ ಅಯಾನು ಹೆಚ್ಚಾಗಿ ಬಂದರೆ ಇದ್ದದ್ದು ಎದ್ದುಹೋಗಿ ಬಂದದ್ದು ಕೂಡುತ್ತದೆ. ಈ ವಿನಿಮಯವೇ ಮುಂದಿನ ಎಲ್ಲ ಕಥೆಗೂ ಮೂಲವಾದುದರಿಂದ ಓದುಗರು ಇದನ್ನು ಮರೆಯಬಾರದು.

ನೀರು ಬಂದಾಗ ಅದು ಪದರುಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ, ಉಬ್ಬುವುದೆಂದರೆ ಇದೇ. ಒಂದು ಗ್ರಾಂ ಶುದ್ಧ ಮಾಂಟ್‌ಮೊರಿಲ್ಲೊನೈಟಿನ ಎಲ್ಲ ಪದರುಗಳ ಮೈಯನ್ನೂ ಬಿಡಿಸಿ ಹಾಸಿದರೆ 700ರಿಂದ 800 ಚದರ ಮೀಟರಾಗುತ್ತದೆ. ಅಂದರೆ ಐದಾರು ಗ್ರಾಂ ಜೇಡಿಯಲ್ಲಿ ಒಂದು ಎಕರೆ ಹೊಲದಷ್ಟು ಮೈ ಅಡಗಿದೆ. ಆದರೆ ಎಷ್ಟು ಉಬ್ಬಬೇಕೆಂಬುದನ್ನು ನಿರ್ಣಯಿಸುವುದು ನಡುವೆ ನಿಂತ ಅಯಾನು. ಕ್ಯಾಲ್ಸಿಯಂ ಇದ್ದರೆ ಅದು ಎರಡು ವಿದ್ಯುದಂಶವುಳ್ಳದ್ದಾಗಿ ಪದರುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಜೇಡಿಯು ಒಂದು ಮಿತಿಯವರೆಗೆ ಉಬ್ಬಿ ನಿಲ್ಲುತ್ತದೆ, ಕಣಗಳು ಗುಂಪುಗುಂಪಾಗಿ ಕೂಡಿಕೊಂಡಿರುತ್ತವೆ. ಸೋಡಿಯಂ ಇದ್ದರೆ ಹಿಡಿತ ಸಡಿಲ. ಪದರುಗಳು ಒಂದನ್ನೊಂದು ತೊರೆದು ನೀರಿನಲ್ಲಿ ತೇಲಾಡುತ್ತವೆ, ನೀರು ಮಜ್ಜಿಗೆಯಂತೆ ಕದಡಿ ಕೊನೆಗೆ ಲೋಳೆಯಾಗುತ್ತದೆ. ಖನಿಜ ಒಂದೇ, ನಡುವೆ ನಿಂತ ಅತಿಥಿ ಬೇರೆಯಾದರೆ ನಡತೆ ಬೇರೆ.

ಭಾರತದಲ್ಲಿ ಬೆಂಟೊನೈಟ್ ಗಣಿಗಾರಿಕೆಗೆ ಹೆಸರಾದ ಪ್ರದೇಶಗಳು ಎರಡು: ಗುಜರಾತಿನ ಕಚ್ಛ ಮತ್ತು ರಾಜಸ್ಥಾನದ ಬಾಡಮೇರ. ಕಚ್ಛದಲ್ಲಿ ಭುಜ, ಮಾಂಡವಿ, ಮಾತಾನೋಮಢದ ಸುತ್ತಲೂ, ಬಾಡಮೇರ ಜಿಲ್ಲೆಯಲ್ಲಿ ಅಕಲಿ, ಥುಂಬಲಿ, ಹಾಥಿ-ಕಿ-ಢಾಣಿಗಳ ಬಳಿಯೂ ಈ ಜೇಡಿ ಸಿಗುತ್ತದೆ. ಕಚ್ಛದ ಜೇಡಿಗೆ ದಖ್ಖನಿನ ಲಾವಾಶಿಲೆಯೊಡನೆ ಸಂಬಂಧವಿದೆ. ನಮ್ಮ ಎರೆಮಣ್ಣಿನ ಬಹುಭಾಗಕ್ಕೂ ಮೂಲವಾದ ಆ ಕಪ್ಪುಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹೊರಹರಿದುದು. ಕಚ್ಛದ ಜೇಡಿಯೂ ವಿಜಾಪುರ ಬಾಗಲಕೋಟೆಗಳ ಎರೆಯೂ ಒಂದೇ ತಾಯಿಯ ಮಕ್ಕಳೆಂದರೆ ಅತಿಶಯೋಕ್ತಿಯಾಗದು.

ಗಣಿಯ ಕೆಲಸವನ್ನು ಸಂಕ್ಷೇಪವಾಗಿ ಹೇಳಬಹುದು. ಸುರಂಗ ತೋಡುವ ಅಗತ್ಯವಿಲ್ಲ. ಮೇಲಿನ ಮಣ್ಣುಕಲ್ಲುಗಳನ್ನು ಸರಿಸಿ ತೆರೆದ ಕುಣಿಯಿಂದಲೇ ಜೇಡಿಯನ್ನು ಅಗೆದು, ಅಂಗಳದಲ್ಲಿ ತೆಳ್ಳಗೆ ಹರಡಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಕಡಿಮೆಯಿಲ್ಲದ ಆ ನಾಡುಗಳಲ್ಲಿ ಇದು ಅಗ್ಗದ ಉಪಾಯ. ಕ್ಯಾಲ್ಸಿಯಂ ಜಾತಿಯ ಜೇಡಿಯಾದರೆ ಅದಕ್ಕೆ ತೂಕದಲ್ಲಿ ನೂರಕ್ಕೆ ಕೆಲವು ಪಾಲು ಸೋಡಾ ಬೂದಿಯನ್ನು ಬೆರೆಸಿ, ನೀರು ಚಿಮುಕಿಸಿ, ಹೊರಳಿಸಿ ಇಡುತ್ತಾರೆ. ಸೋಡಾದಲ್ಲಿನ ಸೋಡಿಯಂ ಪದರುಗಳ ನಡುವೆ ಪ್ರವೇಶಿಸುತ್ತದೆ. ಹೊರಬಿದ್ದ ಕ್ಯಾಲ್ಸಿಯಂ ಸುಣ್ಣದ ಕಾರ್ಬೊನೇಟಾಗಿ ಕೂಡುತ್ತದೆ. ಕಡಿಮೆ ಉಬ್ಬುತ್ತಿದ್ದ ಜೇಡಿ ಹೆಚ್ಚು ಉಬ್ಬುವ ಜೇಡಿಯಾಗುತ್ತದೆ. ಅನಂತರ ಗಿರಣಿಯಲ್ಲಿ ಅರೆದು ಚೀಲ ತುಂಬುವುದಷ್ಟೆ. ಸೋಡಾ ಬೂದಿಯ ಈ ಸಂಸ್ಕಾರವನ್ನು ನೆನಪಿನಲ್ಲಿಡಬೇಕು. ಇದೇ ಕ್ರಿಯೆಯು ಯಾರೂ ಬಯಸದೆ ನಮ್ಮ ಹೊಲಗಳಲ್ಲಿ ನಡೆದಾಗ ಏನಾಗುತ್ತದೆಂಬುದನ್ನು ಮುಂದೆ ನೋಡಲಿದ್ದೇವೆ.

ಉಪಯೋಗಗಳು ಅನೇಕ. ಎರಕದ ಕಾರ್ಖಾನೆಗಳಲ್ಲಿ ಅಚ್ಚು ಕಟ್ಟುವ ಮರಳಿಗೆ ಬೆಂಟೊನೈಟನ್ನು ಬೆರೆಸಿದರೆ ಹಸಿ ಮರಳು ಕಾದ ಲೋಹವನ್ನು ತಡೆದು ನಿಲ್ಲುವಷ್ಟು ಗಟ್ಟಿಯಾಗುತ್ತದೆ. ನಮಗೆ ಹತ್ತಿರದ ಬೆಳಗಾವಿಯ ಎರಕದ ಉದ್ಯಮವೂ ಇಂಥ ಮರಳನ್ನೇ ಅವಲಂಬಿಸಿದೆ. ಕಬ್ಬಿಣದ ಅದಿರಿನ ಹುಡಿಯನ್ನು ಉಂಡೆ ಕಟ್ಟಲು ಟನ್ನಿಗೆ 5ರಿಂದ 10 ಕಿಲೊಗ್ರಾಂ ಬೆಂಟೊನೈಟ್ ಸಾಕು. ಮಂಗಳೂರಿನಲ್ಲಿ ಕುದುರೆಮುಖದ ಅದಿರಿಗಾಗಿ 1987ರಲ್ಲಿ ಪ್ರಾರಂಭವಾದ ಉಂಡೆ ಕಾರ್ಖಾನೆಯೂ ಬಳ್ಳಾರಿ ಸೀಮೆಯ ತೋರಣಗಲ್ಲಿನ ಕಾರ್ಖಾನೆಯೂ ಇಂಥ ಉಂಡೆಗಳಿಗಾಗಿಯೇ ಸ್ಥಾಪಿತವಾದವು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಎಣ್ಣೆಯ ಬಾವಿ ಕೊರೆಯುವಾಗ ಬೆಂಟೊನೈಟಿನ ಲೋಳೆಯು ಕೊರೆದ ಕಲ್ಲಿನ ಚೂರುಗಳನ್ನು ಮೇಲೆ ಹೊತ್ತು ತರುತ್ತದೆ. ಕಲಕಿದಾಗ ಹರಿಯುವ, ಕಲಕುವುದನ್ನು ಬಿಟ್ಟೊಡನೆ ಹೆಪ್ಪುಗಟ್ಟುವ ಅದರ ಸ್ವಭಾವದಿಂದಾಗಿ ಯಂತ್ರ ನಿಂತರೂ ಚೂರುಗಳು ತಳಕ್ಕೆ ಇಳಿಯುವುದಿಲ್ಲ. ಸೇತುವೆಯ ಕಂಬಗಳಿಗೂ ನೆಲದಡಿಯ ರೈಲುನಿಲ್ದಾಣಗಳ ಗೋಡೆಗಳಿಗೂ ಕುಣಿ ತೋಡುವಾಗ ಅಂಚು ಕುಸಿಯದಂತೆ ಇದೇ ಲೋಳೆಯನ್ನು ತುಂಬುತ್ತಾರೆ. ಆಮ್ಲದಿಂದ ಸಂಸ್ಕರಿಸಿದ ಜೇಡಿಯು ಖಾದ್ಯ ತೈಲದ ಬಣ್ಣವನ್ನು ಹೀರಿಕೊಳ್ಳುತ್ತದೆ. ಕೊಳ, ಕೆರೆಗಳ ತಳದಿಂದ ನೀರು ಇಂಗದಂತೆ ಜೇಡಿಯನ್ನು ಹಾಸುವುದುಂಟು. ಸ್ವೀಡನ್, ಫಿನ್‌ಲೆಂಡುಗಳಲ್ಲಿ ಪರಮಾಣು ಕೇಂದ್ರಗಳ ಉರಿದ ಇಂಧನವನ್ನು ತಾಮ್ರದ ಪೆಟ್ಟಿಗೆಗಳಲ್ಲಿಟ್ಟು, ಆಳದ ಬಂಡೆಯಲ್ಲಿ ಅವುಗಳ ಸುತ್ತಲೂ ಬೆಂಟೊನೈಟನ್ನು ಗಿಡಿದು ತುಂಬುವ ಯೋಜನೆಯಿದೆ. ನೀರು ಒಳಗೆ ಬರಲು ಯತ್ನಿಸಿದರೆ ಜೇಡಿ ಉಬ್ಬಿ ತಾನೇ ದಾರಿ ಮುಚ್ಚುತ್ತದೆ. ಎಲ್ಲಿ ನೋಡಿದರೂ ಕೆಲಸಕ್ಕೆ ಬರುವುದು ಆ ಒಂದೇ ಗುಣ.

ಇನ್ನು ನಮ್ಮ ನೆಲಕ್ಕೆ ಬರೋಣ. ಎರೆಮಣ್ಣಿನ ಉತ್ಪತ್ತಿಯ ಬಗೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ವಾದವೇ ನಡೆಯಿತು. ದಕ್ಷಿಣ ಮರಾಠಾ ಪ್ರಾಂತದಲ್ಲಿ ವೈದ್ಯನಾಗಿದ್ದ ಡಾ. ಕ್ರಿಸ್ಟಿ 1820ರ ದಶಕದ ಕೊನೆಗೆ ಇಲ್ಲಿನ ಹವೆ, ಶಿಲೆ, ಬೇಸಾಯಗಳನ್ನು ಕುರಿತು ಬರೆದ ಲೇಖನಗಳಲ್ಲಿ, ಎರೆಯು ಕಪ್ಪು ಲಾವಾಶಿಲೆ ಶಿಥಿಲವಾಗಿ ಆದ ಮಣ್ಣೆಂದು ಹೇಳಿದನು. ಕ್ಯಾಪ್ಟನ್ ನ್ಯೂಬೋಲ್ಡನು ಇದನ್ನು ಒಪ್ಪದೆ, ಎರೆಯು ನೀರಿನಡಿಯಲ್ಲಿ ಸಂಚಯವಾದ ಕೆಸರೆಂದು ವಾದಿಸಿದನು. ಲಾವಾಶಿಲೆಯಿಲ್ಲದ ಕಡೆಯೂ ಎರೆ ಇದೆಯಲ್ಲ ಎಂಬುದು ಕ್ರಿಸ್ಟಿಯ ಮತವನ್ನು ಒಪ್ಪದವರಿಗೆಲ್ಲ ಸಹಜವಾಗಿ ಏಳುವ ಪ್ರಶ್ನೆ. ಇಂದಿನ ತಿಳಿವಳಿಕೆಯಂತೆ ಕ್ರಿಸ್ಟಿಯ ಮಾತು ಮುಖ್ಯವಾಗಿ ಸರಿ. ಆದರೆ ಎದುರಾಳಿಗಳ ಪ್ರಶ್ನೆಯೂ ಪೊಳ್ಳಲ್ಲ. ಸುಣ್ಣಾಂಶವಿರುವ ಬೇರೆ ಕಲ್ಲುಗಳಿಂದಲೂ ಮಳೆ ಕಡಿಮೆಯಾಗಿ ನೀರು ಬಸಿದುಹೋಗದ ತಗ್ಗುಗಳಲ್ಲಿ ಸ್ಮೆಕ್ಟೈಟ್ ಹುಟ್ಟಬಲ್ಲುದು. ಹೊಳೆಗಳು ಬಡಗಣ ಮತ್ತು ಪಡುವಣದ ಕರಿಗಲ್ಲಿನ ನಾಡಿನಿಂದ ಹೊತ್ತು ತಂದು ಹರಡಿದ ಎರೆಯೂ ಇದೆ.

ಕ್ರಿಸ್ಟಿಯು ಮಾಡಿದ ಒಂದು ಪ್ರಯೋಗವು ನನಗೆ ಅವನ ಸಿದ್ಧಾಂತಕ್ಕಿಂತ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಅವನು ಎರೆಮಣ್ಣನ್ನು ಕಾಗದ ಕರಕಾಗುವಷ್ಟು ಶಾಖದಲ್ಲಿ ಪೂರ್ತಿಯಾಗಿ ಒಣಗಿಸಿ, ತೂಗಿ, ಮೊದಲು ಸ್ವಲ್ಪ ತೇವವಿದ್ದ ಕೋಣೆಯಲ್ಲಿಯೂ ಬಳಿಕ ತೇವ ತುಂಬಿದ ಗಾಳಿಯಲ್ಲಿಯೂ ಇಟ್ಟನು. ಕೆಲವು ವಾರಗಳಲ್ಲಿ ಮಣ್ಣಿನ ತೂಕ ನೂರಕ್ಕೆ ಸುಮಾರು 8ರಷ್ಟು ಹೆಚ್ಚಿತು. ನೀರನ್ನು ಸುರಿಯದೆ ಬರಿಯ ಗಾಳಿಯಿಂದಲೇ ಮಣ್ಣು ಇಷ್ಟು ತೇವವನ್ನು ಎಳೆದುಕೊಂಡಿತು. ಮಾಂಟ್‌ಮೊರಿಲ್ಲೊನೈಟ್ ಎಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ ಆ ಖನಿಜದ ಮುಖ್ಯ ಗುಣವನ್ನು ತಕ್ಕಡಿಯಲ್ಲಿಟ್ಟು ಅಳೆದ ಕೀರ್ತಿ ಅವನದು. ಅಳೆದುದು ನಮ್ಮ ಕರಿಮಣ್ಣನ್ನು.

ಕಲಾದಗಿ ಸೀಮೆಯಲ್ಲಿ ಎಲ್ಲೆಡೆಯೂ ಎರೆಯಿಲ್ಲ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ತಪ್ಪಲಲ್ಲಿ ಕೆಂಪು ಮಸಾರಿ, ಮರಳುಮಿಶ್ರ ನೆಲ. ಪಟ್ಟದಕಲ್ಲಿನ ಹಳೆಯ ಹೆಸರಾದ ಕಿಸುವೊಳಲಿನಲ್ಲಿಯೂ ಆ ನಾಡಿನ ಹೆಸರಾದ ಕಿಸುಕಾಡಿನಲ್ಲಿಯೂ ಇರುವ ‘ಕಿಸು’ ಎಂದರೆ ಕೆಂಪು. ಚಾಲುಕ್ಯರು ಗುಡಿ ಕಟ್ಟಲು ಕೆಂಪುಗಲ್ಲನ್ನು ಆರಿಸಿದರು. ರಾಜ್ಯವನ್ನು ಹೊರೆದ ಜೋಳ ಮಾತ್ರ ಬಹುಮಟ್ಟಿಗೆ ಕಪ್ಪು ನೆಲದಿಂದ ಬಂದಿರಬೇಕು. ದತ್ತಿಯ ಶಾಸನಗಳಲ್ಲಿ ಕರಿಯ ನೆಲವನ್ನು ಬೇರೆಯಾಗಿ ಗುರುತಿಸಿರುವುದುಂಟು. ಹುನಗುಂದದ ಬಯಲಿನಲ್ಲಿಯೂ ಮಲಪ್ರಭಾ, ಘಟಪ್ರಭಾ, ಕೃಷ್ಣೆಯರ ಕಣಿವೆಗಳಲ್ಲಿಯೂ ಆಳವಾದ ಎರೆಯಿದೆ. ಈ ಮಣ್ಣಿನಲ್ಲಿ ತೂಕದ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜೇಡಿಯ ಕಣಗಳಿರುವುದು ಸಾಮಾನ್ಯ. ಆ ಜೇಡಿಯಲ್ಲಿ ಸ್ಮೆಕ್ಟೈಟಿನದೇ ಮೇಲುಗೈ. ಜೊತೆಗೆ ಮರಳು, ಸುಣ್ಣದ ಹರಳುಗಳು ಬೆರೆತಿರುವುದರಿಂದ ಇದು ಗಣಿಯ ಸರಕಾಗುವಷ್ಟು ಶುದ್ಧವಲ್ಲ. ಪದರುಗಳ ನಡುವೆ ಇರುವುದು ಬಹುಮಟ್ಟಿಗೆ ಕ್ಯಾಲ್ಸಿಯಂ. ಗಣಿಯವನ ಕಣ್ಣಿಗೆ ಇವೆರಡೂ ದೋಷಗಳು. ಒಕ್ಕಲಿಗನ ಭಾಗ್ಯ ಮಾತ್ರ ಇರುವುದು ಈ ದೋಷಗಳಲ್ಲಿಯೇ.

ಅದು ಹೇಗೆಂದರೆ, ಬೇಸಗೆಯಲ್ಲಿ ಎರೆಹೊಲವು ಒಣಗಿ ಕುಗ್ಗಿ ಬಿರಿಯುತ್ತದೆ. ಬಿರುಕುಗಳು ಕೈ ತೂರುವಷ್ಟು ಅಗಲವಾಗಿ ಮೂರು ನಾಲ್ಕು ಅಡಿ ಕೆಳಗೆ ಹೋಗುವುದನ್ನು ಯಾರು ಬೇಕಾದರೂ ನೋಡಬಹುದು. ಮೊದಲ ಮಳೆಯ ನೀರು ಈ ಬಿರುಕುಗಳ ಮೂಲಕ ನೇರವಾಗಿ ಆಳಕ್ಕೆ ಇಳಿಯುತ್ತದೆ. ಮಣ್ಣು ನೆನೆದು ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಇಂಗುವುದು ಬಹಳ ನಿಧಾನ. ಆಗ ಸುರಿದ ಜೋರುಮಳೆ ಹರಿದುಹೋಗುತ್ತದೆ, ಮಣ್ಣನ್ನೂ ಒಯ್ಯುತ್ತದೆ. ಹುನಗುಂದದ ಕಡೆಯ ಒಕ್ಕಲಿಗರು ಒಡ್ಡು ಹಾಕಿ, ಒಡ್ಡಿನಲ್ಲಿ ಕಲ್ಲಿನ ಕೋಡಿ ಕಟ್ಟಿ, ಹೆಚ್ಚಾದ ನೀರು ಮಣ್ಣನ್ನು ಬಿಟ್ಟು ತಾನೊಂದೇ ಹೋಗುವಂತೆ ಮಾಡಿಕೊಂಡ ಏರ್ಪಾಟು ಇದಕ್ಕೆ ತಕ್ಕ ಪ್ರತಿಕ್ರಿಯೆ. ಒಂದು ಮೀಟರು ಆಳದ ಎರೆಯು ಬೆಳೆಗೆ ಒದಗುವ ನೀರನ್ನು 150ರಿಂದ 200 ಮಿಲಿಮೀಟರಿನಷ್ಟು ಹಿಡಿದಿಡಬಲ್ಲುದು. ವರ್ಷಕ್ಕೆ ಆರುನೂರು ಮಿಲಿಮೀಟರೂ ಮಳೆ ನಿಶ್ಚಯವಿಲ್ಲದ ಸೀಮೆಯಲ್ಲಿ ಇದು ಸಣ್ಣ ಕೆರೆಯೇ ಸರಿ. ಮುಂಗಾರಿನಲ್ಲಿ ಹೊಲವನ್ನು ಹರಗಿ ಬರಿದೇ ಬಿಟ್ಟು, ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತಿ, ಮೇಲೆ ಒಂದು ಹನಿ ಬೀಳದಿದ್ದರೂ ಮಣ್ಣೊಳಗಿನ ತೇವದಿಂದಲೇ ಬೆಳೆ ತೆಗೆಯುವ ಪದ್ಧತಿ ಇದರ ಆಧಾರದ ಮೇಲೆ ನಿಂತಿದೆ. ಬೆಳೆಯ ಸಾಲುಗಳ ನಡುವೆ ಮತ್ತೆ ಮತ್ತೆ ಎಡೆ ಹೊಡೆಯುವುದು ಕಳೆಗಾಗಿ ಮಾತ್ರವಲ್ಲ; ಪುಡಿಮಣ್ಣು ಬಿರುಕಿಗೆ ಬಿದ್ದು ಬಾಯಿ ಮುಚ್ಚಿ ತೇವ ಆರದಂತೆ ಮಾಡುವುದೂ ಅದರ ಉದ್ದೇಶ. 1930ರ ದಶಕದಲ್ಲಿ ಮುಂಬಯಿ ಪ್ರಾಂತದ ಒಣಬೇಸಾಯದ ಸಂಶೋಧಕರು ಶಿಫಾರಸು ಮಾಡಿದ ಕ್ರಮಗಳಲ್ಲಿಯೂ ಒಡ್ಡು ಹಾಕುವುದು, ಎಡೆ ಹೊಡೆಯುವುದು ಇವೇ ಮುಖ್ಯವಾಗಿದ್ದುವು.

ಮಣ್ಣು ನೀರಿನ ಉಗ್ರಾಣವೆಂಬುದನ್ನು ಕಂದಾಯದ ಅಧಿಕಾರಿಗಳೂ ಕಂಡುಕೊಂಡಿದ್ದರು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಇವರು 1847ರಲ್ಲಿ ಸಲ್ಲಿಸಿದ ಜಂಟಿ ವರದಿಯು ಮುಂಬಯಿ ಪ್ರಾಂತದ ಭೂಮಾಪನಕ್ಕೆಲ್ಲ ತಳಹದಿ. ಅದರಲ್ಲಿ ಮಣ್ಣನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ ರೂಪಾಯಿಯ ಆಣೆಗಳಲ್ಲಿ ಬೆಲೆ ಕಟ್ಟಿದ್ದಾರೆ. ನುಣುಪಾದ ಕಪ್ಪು ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಪೂರ್ತಿ 16 ಆಣೆ. ಆಳ ಕುಗ್ಗಿದಂತೆ ಆಣೆಯೂ ಕುಗ್ಗುತ್ತದೆ. ಕಟ್ಟಕಡೆಯ ವರ್ಗಕ್ಕೆ 2 ಆಣೆ. ಸುಣ್ಣದ ಹರಳು ಬೆರೆತಿರುವುದು, ಮರಳು ಹೆಚ್ಚಾಗಿರುವುದು, ಇಳಿಜಾರು, ಮಣ್ಣು ನೀರನ್ನು ಒಳಕ್ಕೆ ಬಿಡದಿರುವುದು ಇವೆಲ್ಲ ದೋಷಗಳೆಂದು ಲೆಕ್ಕಕ್ಕೆ ಬರುತ್ತಿದ್ದುವು. ಸರಕಾರಕ್ಕೆ ಒಕ್ಕಲಿಗನ ಮೇಲೆ ದಯೆಯಿದ್ದಿತೆಂದು ನಾನು ಹೇಳುತ್ತಿಲ್ಲ. ಆದರೆ ಸರ್ವೆಯವರು ಗುದ್ದಲಿ ಹಿಡಿದು ಹೊಲದ ಆಳವನ್ನು ನೋಡಿದರೆಂಬುದೂ, ಬೆಲೆ ಕಟ್ಟುವಾಗ ಬಣ್ಣದಷ್ಟೇ ಆಳಕ್ಕೂ ಮಹತ್ವ ಕೊಟ್ಟರೆಂಬುದೂ ನಿಜ. ಮುಂದೆ 1861ರಿಂದ 1865ರ ವರೆಗೆ ಅಮೆರಿಕದ ಅಂತರ್ಯುದ್ಧದ ಕಾರಣ ಹತ್ತಿಯ ಬೆಲೆ ಏರಿದಾಗ ಈ ನೆಲಕ್ಕೆ ಹತ್ತಿಯ ಕರಿಮಣ್ಣೆಂಬ ಹೆಸರೇ ಲೋಕಪ್ರಸಿದ್ಧವಾಯಿತು.

ಬೆಳೆಗೆ ಒಳ್ಳೆಯದಾದ ನೆಲವು ಮನೆಗೆ ಕೆಟ್ಟದ್ದು. ಎರೆಯ ಮೇಲೆ ಕಟ್ಟಿದ ಗೋಡೆ ಮಳೆಗಾಲದಲ್ಲಿ ಮೇಲೇಳುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ, ಕೊನೆಗೆ ಸೀಳುತ್ತದೆ. ನಮ್ಮ ಹಿರಿಯರು ಇದನ್ನು ಅರಿತು ಊರಿಗೆ ಗರಸು ನೆಲವನ್ನು ಆಯ್ದುಕೊಳ್ಳುತ್ತಿದ್ದರು. ಎರೆಯಲ್ಲಿಯೇ ಕಟ್ಟಬೇಕಾದರೆ ಅದನ್ನು ಅಗೆದು ತೆಗೆದು ಗರಸು ತುಂಬಿ ಗಿಡಿಯುತ್ತಿದ್ದರು. ಕಾಳು ತುಂಬುವ ಹಗೇವನ್ನೂ ಎರೆಯಲ್ಲಿ ತೋಡದೆ ಗಟ್ಟಿ ನೆಲದಲ್ಲಿಯೇ ತೋಡುವುದು ವಾಡಿಕೆ. ಇಂಜಿನಿಯರರಿಗೆ ಇದೇ ಸಮಸ್ಯೆಯು ಮಲಪ್ರಭಾ ಕಾಲುವೆಗಳಲ್ಲಿ ಎದುರಾಯಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ನೀರು ಹರಿಸಿದಾಗ, ಎರೆಯಲ್ಲಿ ತೋಡಿದ ಕಾಲುವೆಯ ಕಲ್ಲು, ಕಾಂಕ್ರೀಟು ಹಾಸುಗಳನ್ನು ಉಬ್ಬಿದ ಮಣ್ಣು ಎತ್ತಿ ಒಡೆಯಿತು. ಮುಂಬಯಿಯ ಐಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಈ ವಿಷಯದಲ್ಲಿ ದೀರ್ಘಕಾಲ ಪ್ರಯೋಗ ನಡೆಸಿ, ಹಾಸಿನ ಕೆಳಗೆ ಸುಮಾರು ಒಂದು ಮೀಟರು ದಪ್ಪ, ಉಬ್ಬದಿದ್ದರೂ ತಕ್ಕಷ್ಟು ಅಂಟುಳ್ಳ ಮಣ್ಣಿನ ಪದರನ್ನು ಗಿಡಿದು ಹಾಕಿದರೆ ಕೆಳಗಿನ ಎರೆಯ ಉಬ್ಬು ಅಡಗುತ್ತದೆಂದು ತೋರಿಸಿದರು. ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಬಳಕೆಗೆ ಬಂದ ಈ ವಿಧಾನವು ಈಗ ದೇಶದ ಇತರ ಕಡೆಗಳಲ್ಲಿಯೂ ಬಳಕೆಯಲ್ಲಿದೆ. ಹಳ್ಳಿಯ ಗರಸಿನ ತಳಪಾಯಕ್ಕೂ ಇದಕ್ಕೂ ಇರುವ ಹೋಲಿಕೆ ಯಾರಿಗಾದರೂ ಹೊಳೆಯುವಂತಿದೆ. ಆದರೆ ಎಷ್ಟು ದಪ್ಪ, ಎಂಥ ಮಣ್ಣು ಎಂಬುದನ್ನು ಅಳೆದು ಹೇಳಿದ್ದು ಪ್ರಯೋಗಶಾಲೆ.

ಮನೆಯ ವಿಷಯದಲ್ಲಿಯೇ ಇನ್ನೊಂದು ಸಂಗತಿ ಗಮನಾರ್ಹ. ನಮ್ಮ ಮಾಳಿಗೆ ಮನೆಗಳ ಮೇಲ್ಮುದ್ದೆಗೆ, ಸೋರದಿರಲೆಂದು ಮಳೆಗಾಲಕ್ಕೆ ಮೊದಲು ಸವಳು ಮಣ್ಣನ್ನು ತಂದು ಹರಡುವ ರೂಢಿಯಿದೆ. ಹೊಲದ ಕರಿಯ ಎರೆಯನ್ನೇ ಹಾಕಿದರೆ ಅದು ಬಿಸಿಲಿಗೆ ಬಿರಿದು ಮೊದಲ ಮಳೆಗೇ ಸೋರುತ್ತದೆ. ಸವಳಿನಲ್ಲಿ ಸೋಡಿಯಂ ಹೆಚ್ಚು. ಆದುದರಿಂದ ಅದರ ಜೇಡಿಯು ನೀರು ಬಿದ್ದೊಡನೆ ಕದಡಿ, ಸಣ್ಣ ರಂಧ್ರಗಳಿಗೆಲ್ಲ ನುಸುಳಿ, ಅವನ್ನು ಮುಚ್ಚುತ್ತದೆ. ಮಡಿವಾಳರು ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದುದೂ ಇಂಥ ಸವಳನ್ನೇ. ಕೆರೆಯ ತಳಕ್ಕೆ ಸೋಡಿಯಂ ಬೆಂಟೊನೈಟ್ ಹಾಸುವ ಇಂದಿನ ಇಂಜಿನಿಯರನೂ ಮಾಳಿಗೆಗೆ ಸವಳು ಹೊರುವ ಮುದುಕಿಯೂ ಮಾಡುವ ಕೆಲಸ ಒಂದೇ.

ಮಾಳಿಗೆಗೆ ಸೊಗಸಾದ ಈ ಸವಳು ಹೊಲಕ್ಕೆ ಮೃತ್ಯು. ಇಲ್ಲಿಯೇ ನಮ್ಮ ವಿಷಯದ ಕಠಿನ ಭಾಗವಿದೆ. ಎರೆಹೊಲಕ್ಕೆ ಮಳೆಯ ನೀರಷ್ಟೇ ದೊರೆಯುತ್ತಿದ್ದಾಗ ಆಳದ ಲವಣಗಳು ಆಳದಲ್ಲಿಯೇ ಇದ್ದುವು. ಕಾಲುವೆಯ ನೀರನ್ನು ಮಿತಿಮೀರಿ ಹಾಯಿಸಿದಾಗ, ಕಾಲುವೆಯೂ ಜಿನುಗಿದಾಗ, ನೆಲದೊಳಗಿನ ನೀರಿನ ಮಟ್ಟ ಏರುತ್ತದೆ. ಇಂಗುವುದು ನಿಧಾನ, ಬಸಿಯಲು ದಾರಿಯಿಲ್ಲ. ಬಿಸಿಲು ಮೇಲಿನಿಂದ ನೀರನ್ನು ಹೀರುತ್ತದೆ. ಲವಣ ಮೇಲೆ ಉಳಿಯುತ್ತದೆ. ಸುಣ್ಣದ ಅಂಶವು ಕರಗದೆ ಹರಳಾಗಿ ಕೂಡಿಬಿಡುವುದರಿಂದ ಮಣ್ಣಿನ ನೀರಿನಲ್ಲಿ ಸೋಡಿಯಂನ ಪಾಲು ಹೆಚ್ಚುತ್ತಾ ಹೋಗಿ, ಪದರುಗಳ ನಡುವಿನ ಕ್ಯಾಲ್ಸಿಯಂನ ಸ್ಥಾನವನ್ನು ಆಕ್ರಮಿಸುತ್ತದೆ. ಕಚ್ಛದ ಅಂಗಳದಲ್ಲಿ ಸೋಡಾ ಬೂದಿ ಬೆರೆಸಿ ಹಣ ಖರ್ಚುಮಾಡಿ ಮಾಡುವ ಸಂಸ್ಕಾರವು ಇಲ್ಲಿ ಒಕ್ಕಲಿಗನ ಹೊಲದಲ್ಲಿ ಪುಕ್ಕಟೆಯಾಗಿ ನಡೆಯುತ್ತದೆ. ಫಲವಾಗಿ ಹೊಲವು ಕಳಪೆ ದರ್ಜೆಯ ಸೋಡಿಯಂ ಬೆಂಟೊನೈಟ್ ಆಗುತ್ತದೆ. ಮಾರಲು ಬಾರದು, ಬಿತ್ತಲು ಬಾರದು. ನೆನೆದಾಗ ಲೋಳೆ, ಒಣಗಿದಾಗ ಕಲ್ಲು. ಗಾಳಿಯೂ ನೀರೂ ಒಳಗೆ ಹೋಗವು, ಬೇರು ಉಸಿರುಗಟ್ಟುತ್ತದೆ. ವಿನಿಮಯವಾಗಬಲ್ಲ ಅಯಾನುಗಳಲ್ಲಿ ಸೋಡಿಯಂ ನೂರಕ್ಕೆ 15 ಮೀರಿದರೆ ಮಣ್ಣು ಕ್ಷಾರವಾಯಿತೆಂದು ಶಾಸ್ತ್ರಗ್ರಂಥಗಳು ಹೇಳುತ್ತವೆ. ಸ್ಮೆಕ್ಟೈಟ್ ತುಂಬಿದ ಎರೆಯಲ್ಲಿ ಐದಾರು ಆದಾಗಲೇ ಕೇಡು ಕಾಣತೊಡಗುತ್ತದೆ.

ಈ ಸೀಮೆಯ ನೀರಾವರಿ ಹೊಸದಲ್ಲ. ಘಟಪ್ರಭೆಗೆ ಧೂಪದಾಳದಲ್ಲಿ 1897ರಲ್ಲಿಯೇ ಒಡ್ಡು ಕಟ್ಟಿದ್ದರು. ಆದರೆ ಹಿಡಕಲ್ಲು, ನವಿಲುತೀರ್ಥ, ಆಲಮಟ್ಟಿಗಳ ಬಳಿಕ ನೀರಿನ ಪ್ರಮಾಣವೂ ಕಬ್ಬಿನ ವಿಸ್ತಾರವೂ ಬೇರೆಯಾದುವು. ಮೂರೂ ನದಿಗಳ ಅಚ್ಚುಕಟ್ಟಿನಲ್ಲಿ ಸವಳು ಜವಳುಗಳಿಂದ ಕೆಟ್ಟ ಹೊಲಗಳು ಕಣ್ಣಿಗೆ ಬೀಳುತ್ತವೆ. ಬಿಳಿಯ ಉಪ್ಪು ಕಾರಿ ನಿಂತ ಎರೆಯನ್ನು ನೋಡಿದವರಿಗೆ ಮತ್ತೆ ವಿವರಿಸಬೇಕಿಲ್ಲ. ನೀರು ಬಂದೊಡನೆ ಹೊಲದ ಬೆಲೆ ಏರಿತೆಂದು ಭಾವಿಸಿ ಸರಕಾರವು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ಹೊರಿಸಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ಆ ಚಳವಳಿಗೆ ಕಾರಣಗಳು ಹಲವು. ಅವನ್ನೆಲ್ಲ ಮಣ್ಣಿನ ಮೇಲೆ ಹೊರಿಸುವುದು ನನ್ನ ಅಭಿಪ್ರಾಯವಲ್ಲ. ಆದರೆ 1847ರ ಸರ್ವೆಯವರು ನೀರು ಬಿಡದ ಮಣ್ಣನ್ನು ದೋಷವೆಂದು ಬರೆದು ಆಣೆ ಇಳಿಸಿದ್ದರೆ, ನೂರಮೂವತ್ತು ವರ್ಷಗಳ ಬಳಿಕ ಎಂಥ ಮಣ್ಣಿನ ಮೇಲೆ ನೀರು ಹರಿಯಿತೆಂಬುದನ್ನು ಕೇಳದೆಯೇ ಎಲ್ಲವನ್ನೂ ಅಭಿವೃದ್ಧಿಯೆಂದು ಬರೆದುಕೊಂಡರು. ಈ ವ್ಯತ್ಯಾಸವನ್ನು ಇತಿಹಾಸದ ವಿದ್ಯಾರ್ಥಿಯು ಗಮನಿಸದೆ ಇರಲಾಗದು.

ಕೆಟ್ಟ ಎರೆಯನ್ನು ತಿದ್ದುವ ದಾರಿಯೂ ವಿನಿಮಯವೇ. ಜಿಪ್ಸಮ್ ಎಂಬ ಖನಿಜವು ಕ್ಯಾಲ್ಸಿಯಂ ಸಲ್ಫೇಟು. ಅದನ್ನು ಹೊಲಕ್ಕೆ ಬೆರೆಸಿ ನೀರು ಕಟ್ಟಿದರೆ ಕ್ಯಾಲ್ಸಿಯಂ ಪದರುಗಳ ನಡುವಿನ ತನ್ನ ಹಳೆಯ ಸ್ಥಾನಕ್ಕೆ ಮರಳುತ್ತದೆ. ಹೊರಬಿದ್ದ ಸೋಡಿಯಂ ಕರಗುವ ಸಲ್ಫೇಟಾಗುತ್ತದೆ. ಆದರೆ ಹೀಗೆ ಕರಗಿದುದು ಹೊಲ ಬಿಟ್ಟು ಹೋಗಲು ಬಸಿಗಾಲುವೆ ಬೇಕು. ಬಸಿಗಾಲುವೆಯಿಲ್ಲದೆ ಜಿಪ್ಸಮ್ ಹಾಕಿದರೆ ಹಣ ಮಣ್ಣುಪಾಲಾದಂತೆಯೇ. ಒಬ್ಬನ ಹೊಲದ ಬಸಿಗಾಲುವೆ ಇನ್ನೊಬ್ಬನ ಹೊಲದ ಮೂಲಕವೇ ಹಳ್ಳ ಸೇರಬೇಕಾದುದರಿಂದ ಇದು ಒಬ್ಬಂಟಿಗನಿಂದ ಆಗುವ ಕೆಲಸವೂ ಅಲ್ಲ.

ಹೊಲವು ಯಾವ ಕಡೆಗೆ ಸಾಗುತ್ತಿದೆಯೆಂಬುದನ್ನು ತಿಳಿಯಲು ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಹುದಾದ ಒಂದು ಸುಲಭ ಪರೀಕ್ಷೆಯಿದೆ. ಎರಡು ಗಾಜಿನ ಲೋಟಗಳಲ್ಲಿ ಮಳೆಯ ನೀರನ್ನು ತೆಗೆದುಕೊಳ್ಳಬೇಕು. ಬಾವಿಯ ನೀರು ಆಗದು, ಅದರಲ್ಲಿನ ಲವಣವೇ ಕಣಗಳನ್ನು ಕೂಡಿಸಿಬಿಡುತ್ತದೆ. ಒಂದರಲ್ಲಿ ಮಳೆಯಾಶ್ರಿತ ಎರೆಯ ಒಣ ಹೆಂಟೆಯನ್ನೂ ಇನ್ನೊಂದರಲ್ಲಿ ಬಹುಕಾಲ ನೀರುಂಡ ಹೊಲದ ಹೆಂಟೆಯನ್ನೂ ಮೆಲ್ಲಗೆ ಇಳಿಸಿ, ಕಲಕದೆ ಒಂದು ರಾತ್ರಿ ಬಿಡಬೇಕು. ಕ್ಯಾಲ್ಸಿಯಂ ಎರೆಯ ಹೆಂಟೆಯು ಕುಸಿದು ಪುಡಿಯಾಗಿ ತಳದಲ್ಲಿ ಕೂಡುತ್ತದೆ, ಮೇಲಿನ ನೀರು ತಿಳಿಯಾಗಿರುತ್ತದೆ. ಸೋಡಿಯಂ ಹಿಡಿದ ಹೆಂಟೆಯ ಸುತ್ತ ಹೊಗೆಯಂಥ ಕದಡು ಏಳುತ್ತದೆ. ಬೆಳಗಾದರೂ ನೀರು ತಿಳಿಯಾಗುವುದಿಲ್ಲ.